ಹುಲ್ಲಿನ ಆಟ

ಆಗಸ್ಟ್ 17, ಭಾನುವಾರ

ಬೆಳಿಗ್ಗೆ ಎದ್ದವನೇ ತಾರಸಿಗೆ ಹೋದೆ. ಮೂಲೆಯಲ್ಲಿ ಮತ್ತೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಶಿವಮೊಗ್ಗದ ಗೋಪಾಳದಲ್ಲಿ ಈ ಮನೆ ಕಟ್ಟುವಾಗ ಮೇಸ್ತ್ರಿ ಇಳಿಜಾರನ್ನು ಉಲ್ಟಾ ಕೊಟ್ಟುಬಿಟ್ಟ. ಅಂದಿನಿಂದ ಮಳೆಗಾಲ ಪೂರ್ತಿ ನನಗೆ ಇದೇ ಸೇವೆ. ಉದ್ದ ಹಿಡಿಯ ತುದಿಗೆ ಅಡ್ಡ ಹಲಗೆ, ಹಲಗೆಯ ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ನಾನೇ ಮಾಡಿದ್ದು. ಊರಿನವರೆಲ್ಲ ನೀರನ್ನು ಮುಂದಕ್ಕೆ ತಳ್ಳುತ್ತಾರೆ. ತಳ್ಳಿದರೆ ನೀರು ಎರಡೂ ಕಡೆ ಚದುರಿ ಹೋಗುತ್ತದೆ. ನಾನು ಹಿಂದಕ್ಕೆ ಹೆಜ್ಜೆ ಹಾಕುತ್ತಾ ನನ್ನ ಕಡೆಗೆ ಎಳೆದುಕೊಳ್ಳುತ್ತೇನೆ. ಒಂದು ದಿನ ಹಿಂದೆ ಹಿಂದೆ ಹೋಗಿ ರಸ್ತೆಗೆ ಬೀಳ್ತೀರಿ ಎಂದು ಪದ್ಮ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾಳೆ. ಇನ್ನೂ ಬಿದ್ದಿಲ್ಲ.

ಮೊದಲು ಇಬ್ಬರು ಎಳೆಯುತ್ತಿದ್ದೆವು. ಮಗಳು ದಿವ್ಯಾಳ ಹಲಗೆ ಮೆಟ್ಟಿಲ ಮೇಲಿನ ಮೊಳೆಗೆ ತೂಗುತ್ತಿದೆ. ರಬ್ಬರು ಒಣಗಿ ಒಡೆದಿದೆ. ಸೊಂಟ ಈಗಲೂ ನೋಯುತ್ತಿದೆ.

ಮಧ್ಯಾಹ್ನ ಪದ್ಮ ಅಡುಗೆಮನೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ಮಗಳ ಹತ್ತಿರ ಎಂದು ದನಿಯಲ್ಲೇ ತಿಳಿಯುತ್ತದೆ. ನಾನು ಪೇಪರ್ ಹಿಡಿದು ಹತ್ತಿರದ ಕುರ್ಚಿಯಲ್ಲಿ ಕೂತೆ. ತರಬೇತಿಗೆಂದು ಐರ್ಲೆಂಡಿಗೆ ಹೋದವಳಿಗೆ ಅಲ್ಲಿನ ಒಂದು ದೊಡ್ಡ ಗಾಲ್ಫ್ ಪಂದ್ಯದಲ್ಲಿ ಮೈದಾನದ ಕೆಲಸ ಕೊಟ್ಟಿದ್ದಾರಂತೆ. ಸೆಪ್ಟೆಂಬರ್ ಆರರ ಶನಿವಾರ ಕೊನೆಯ ಗುಳಿಯ ಹುಲ್ಲು ಅವಳ ತಂಡದ್ದು. ಟೀವಿಯಲ್ಲಿ ನೇರಪ್ರಸಾರ, ನಮ್ಮಲ್ಲಿ ರಾತ್ರಿ ಎಂಟಕ್ಕೆ. "ನಾನು ಕಾಣಲ್ಲ ಅಮ್ಮ, ಹುಲ್ಲು ಕಾಣುತ್ತೆ" ಎಂದಳಂತೆ.

ಹುಲ್ಲು. ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ಅಧಿಕಾರಿಗಳ ಮೇಜಿನ ಮುಂದೆ ನಿಂತವನು ನಾನು. ಮಗಳನ್ನು ಬಿ.ಎಸ್ಸಿ. ಅಗ್ರಿ ಓದಿಸಿದ್ದು ಆ ಕುರ್ಚಿಯಲ್ಲಿ ಅವಳು ಕೂರಲಿ ಎಂದು. ಅವಳು ಇಲಾಖೆಯ ಪರೀಕ್ಷೆಗೆ ಕೂರಲೇ ಇಲ್ಲ. ಮೈಸೂರು ಕಡೆಯ ಗಾಲ್ಫ್ ಮೈದಾನದಲ್ಲಿ ಹುಲ್ಲು ಬೆಳೆಸುವ ಕೆಲಸ ಹಿಡಿದಳು. ತಲೆತಲಾಂತರದಿಂದ ಕಳೆ ಕಿತ್ತುಕೊಂಡು ಬಂದ ಮನೆ ನಮ್ಮದು. ಇದನ್ನೇ ಸಂಕ್ರಾಂತಿ ಊಟದಲ್ಲಿ ನೆಂಟರೆದುರು ಹೇಳಿದೆ. ಆ ಹುಲ್ಲಿನ ಆಟ ಈ ಮನೆಯ ಟೀವಿಯಲ್ಲಿ ಬರಕೂಡದು ಎಂದೂ ಹೇಳಿದೆ. ಸುಳ್ಳೇನೂ ಹೇಳಲಿಲ್ಲ. ಅವಳು ಎಲೆ ಬಿಟ್ಟು ಎದ್ದು ಹೋದವಳು ಈವರೆಗೆ ನನ್ನ ಹತ್ತಿರ ಮಾತಾಡಿಲ್ಲ.

ನೋಡುವ ಆಸೆಯೇನೂ ನನಗಿಲ್ಲ.

ಆಗಸ್ಟ್ 19, ಮಂಗಳವಾರ

ನಿದ್ದೆ ಸರಿ ಬರಲಿಲ್ಲ. ಅಷ್ಟು ದೂರದ ಊರು, ಅಲ್ಲಿನ ಚಳಿ. ಹುಲ್ಲಿಗೆ ರೋಗ ಬಂದರೆ ಯಾರನ್ನು ಹಿಡಿಯುತ್ತಾರೆ? ಕೆಳಗಿನವರನ್ನೇ. ಇಲಾಖೆಯಲ್ಲಿ ನಾನು ನೋಡದ್ದೇ? ಕೆಲಸ ಹೇಗೆ ಮಾಡುತ್ತಾರೆ ಎಂದು ಒಮ್ಮೆ ಕಣ್ಣಾಡಿಸುವುದರಲ್ಲಿ ತಪ್ಪಿಲ್ಲ.

ಆದರೆ ಎಲ್ಲಿ? ಮನೆಯ ಟೀವಿಗೆ ನಾನೇ ಬೀಗ ಹಾಕಿದ್ದೇನೆ. ಮೊಬೈಲಿನಲ್ಲಿ ನೋಡಲು ದುಡ್ಡು ಕಟ್ಟಿದರೆ ಬ್ಯಾಂಕಿನ ಮೆಸೇಜು ಹೋಗುವುದು ಪದ್ಮಳ ನಂಬರಿಗೆ. ಗೆಳೆಯರ ಮನೆಯಲ್ಲಿ ಕೂತರೆ ಮರುದಿನವೇ ಬೀದಿಗೆಲ್ಲ ಗೊತ್ತು.

ಗಾಲ್ಫ್ ಎಲ್ಲಿ ನೋಡಲು ಸಿಗುತ್ತದೆ ಎಂದು ಸಂಜೆ ಪಾರ್ಕಿನಲ್ಲಿ ಮಂಜಪ್ಪನನ್ನು ಕೇಳಿದೆ. ಮಂಜಪ್ಪ ಕೆಎಸ್ಸಾರ್ಟಿಸಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು, ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು. ದಿನಾ ಸಂಜೆ ದುರ್ಗಿಗುಡಿಯ ಬಾರಿನಲ್ಲಿ ಒಂದು ಕ್ವಾರ್ಟರ್ ಮುಗಿಸಿ ಶಿಸ್ತಾಗಿ ಮನೆಗೆ ಹೋಗುತ್ತಾನೆ. ಬಾರುಗಳಲ್ಲಿ ಎಲ್ಲ ಆಟದ ಚಾನೆಲ್ಲೂ ಇರುತ್ತವೆ ಎಂದ. ನಾನು ಜೀವಮಾನದಲ್ಲಿ ಬಾರಿನ ಮೆಟ್ಟಿಲು ಹತ್ತಿದವನಲ್ಲ. ನನ್ನನ್ನು ಹುಡುಕಿಕೊಂಡು ಅಲ್ಲಿಗೆ ಯಾರೂ ಬರುವುದಿಲ್ಲ ಎಂಬುದು ಆಗ ಹೊಳೆಯಿತು. ಕಾರಣ ಹೇಳಲಿಲ್ಲ, ಕುತೂಹಲ ಎಂದೆ.

ಆಗಸ್ಟ್ 22, ಶುಕ್ರವಾರ

ಮಂಜಪ್ಪನ ಜೊತೆ ಬಾರುಗಳನ್ನು ನೋಡಿ ಬಂದೆ. ಮದುವೆಗೆ ಛತ್ರ ನೋಡಿದ ಹಾಗಾಯಿತು.

ಮೊದಲನೆಯದರಲ್ಲಿ ಟೀವಿ ಇತ್ತು, ಅದರಲ್ಲಿ ಹಾಡು ಬಿಟ್ಟು ಬೇರೆ ಏನೂ ಹಾಕುವುದಿಲ್ಲವಂತೆ. ಎರಡನೆಯದರಲ್ಲಿ ಎಷ್ಟು ಕತ್ತಲೆಯೆಂದರೆ ನಾನು ಯಾರದೋ ಕಾಲು ತುಳಿದೆ. ಅವರೇ ನನಗೆ ಕ್ಷಮಿಸಿ ಎಂದರು, ಆ ಸ್ಥಿತಿಯಲ್ಲಿದ್ದರು. ಮೂರನೆಯದು ದುರ್ಗಿಗುಡಿಯಲ್ಲಿ ಮಂಜಪ್ಪನ ಖಾಯಂ ಜಾಗ. ಗೋಡೆಯಗಲದ ಟೀವಿ. ಗಾಲ್ಫ್ ಹಾಕುತ್ತೀರಾ ಎಂದು ಕೇಳಿದರೆ ಮ್ಯಾನೇಜರ್ ನನ್ನ ಮುಂದಿದ್ದ ಸೋಡಾ ಗ್ಲಾಸನ್ನು ನೋಡಿದರು, ಅದರಲ್ಲಿ ಇನ್ನೇನಾದರೂ ಇದೆಯೇನೋ ಎಂಬಂತೆ. ಕೊನೆಗೆ ಮಂಜಪ್ಪನ ಮುಖ ನೋಡಿ ಒಪ್ಪಿದರು. ಸೆಪ್ಟೆಂಬರ್ ಆರು, ರಾತ್ರಿ ಎಂಟರಿಂದ ಒಂಬತ್ತು. ಟೀವಿಯ ಎದುರಿನ ಮೇಜು ನಮ್ಮದು.

ಹೊರಗೆ ಬರುವಾಗ ಆಚೀಚೆ ನೋಡಿದೆ. ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಮಳೆ ಇರಲಿಲ್ಲ.

ಆಗಸ್ಟ್ 23, ಶನಿವಾರ

ಕೊಡೆ ಕೆಲಸಕ್ಕೆ ಬರಲಿಲ್ಲ. ಪಕ್ಕದ ಮನೆಯ ಸಾವಿತ್ರಮ್ಮ ಬೆಳಿಗ್ಗೆ ಹಾಲಿನವನ ಹತ್ತಿರ ನಿಂತು ನನ್ನ ಆರೋಗ್ಯ ವಿಚಾರಿಸಿದರು. ಈ ವಯಸ್ಸಿನಲ್ಲಿ ಲಿವರ್ ಜೋಪಾನ ಎಂದರು. ಪದ್ಮ ಬಾಗಿಲಲ್ಲೇ ಇದ್ದಳು.

ಕುಡಿಯುತ್ತಾನೆ ಎಂದುಕೊಳ್ಳಲಿ. ಅದು ನಿಜವಾದ ಕಾರಣಕ್ಕಿಂತ ವಾಸಿ.

ಪದ್ಮ ಏನೂ ಕೇಳಲಿಲ್ಲ. ಅದೇ ಹೆದರಿಕೆ.

ಆಗಸ್ಟ್ 27, ಬುಧವಾರ. ಗಣೇಶನ ಹಬ್ಬ

ದಿವ್ಯಾ ಬೆಳಿಗ್ಗೆಯೇ ಫೋನ್ ಮಾಡಿದ್ದಳು. ಪದ್ಮಳ ಕೈಗೆ ಕಡುಬಿನ ಹಿಟ್ಟು ಮೆತ್ತಿತ್ತು, ಅದಕ್ಕೇ ಸ್ಪೀಕರ್ ಹಾಕಿದ್ದಳು. ನಾನು ಬಚ್ಚಲಲ್ಲಿ ನಲ್ಲಿ ನಿಲ್ಲಿಸಿ ಕೇಳಿದೆ.

ಅಲ್ಲಿ ದಿನಾ ಮಳೆಯಂತೆ. ಹುಲ್ಲಿನಲ್ಲಿ ಒಂದು ಕಡೆ ಹಳದಿ ಮಚ್ಚೆ ಬಂದಿದೆಯಂತೆ. ಅದು ಹಬ್ಬಿದರೆ ತನ್ನನ್ನು ಆ ತಂಡದಿಂದ ತೆಗೆಯುತ್ತಾರೆ ಎಂದಳು. ಬೆಳಗಿನ ಜಾವ ಎದ್ದು ಮಂಡಿಯೂರಿ ಟಾರ್ಚ್ ಬಿಟ್ಟು ನೋಡುತ್ತಾಳಂತೆ. ದನಿ ಸೊರಗಿತ್ತು. ಮುಂದಿನ ತಿಂಗಳ ಕೊನೆಗೆ ವಾಪಸ್ ಬರುತ್ತೀಯಲ್ಲ, ದೀಪಾವಳಿಗೆ ಮನೆಗೆ ಬಾ ಎಂದು ಪದ್ಮ ಕರೆದಳು.

"ಅಪ್ಪಾಜಿ ಕರೆದ್ರೆ ಬರ್ತೀನಮ್ಮ" ಎಂದಳು. "ಅವರ ಬಾಯಲ್ಲೇ ಕರೀಬೇಕು. ಇಲ್ಲಾಂದ್ರೆ ಮೈಸೂರಲ್ಲೇ ಇರ್ತೀನಿ."

ನಲ್ಲಿ ಮತ್ತೆ ತಿರುಗಿಸಿದೆ. ನಾನೇಕೆ ಕರೆಯಬೇಕು? ಮನೆ ಅವಳದಲ್ಲವೇ? ಮನೆಗೆ ಬರಲು ಆಮಂತ್ರಣ ಪತ್ರಿಕೆ ಬೇಕೆ?

ಕಡುಬು ತಿನ್ನಲಾಗಲಿಲ್ಲ. ಹಳದಿ ಮಚ್ಚೆಗೆ ನೀರು ನಿಲ್ಲುವುದೇ ಕಾರಣವಿರಬಹುದು. ಅವಳಿಗೆ ಗೊತ್ತಿಲ್ಲದ್ದೇ?

ಸೆಪ್ಟೆಂಬರ್ 2, ಮಂಗಳವಾರ

ಮಚ್ಚೆ ಹಬ್ಬಿಲ್ಲವಂತೆ.

ಮೊಬೈಲಿನಲ್ಲಿ ಹಳೆಯ ಗಾಲ್ಫ್ ಪಂದ್ಯಗಳ ತುಣುಕು ನೋಡಿದೆ, ಕಕ್ಕಸಿನಲ್ಲಿ ಕೂತು. ಆಟವೇನೋ ಅರ್ಥವಾಗಲಿಲ್ಲ. ಒಬ್ಬ ಹೊಡೆಯುತ್ತಾನೆ, ಎಲ್ಲರೂ ನಡೆಯುತ್ತಾರೆ. ಆದರೆ ಗುಳಿಯ ಸುತ್ತಲಿನ ಹುಲ್ಲು ನುಣುಪಾಗಿತ್ತು. ಚೆಂಡು ಅದರ ಮೇಲೆ ಸದ್ದಿಲ್ಲದೆ ಹೋಗುತ್ತದೆ. ಅಷ್ಟು ಸಣ್ಣಗೆ ಕತ್ತರಿಸಿದ ಹುಲ್ಲನ್ನು ಸಾಯದಂತೆ ಇಡುವುದು ಸುಲಭವಲ್ಲ. ಬೆಳೆ ಎಂದರೆ ಬೆಳೆಯೇ, ನೀರು ಗೊಬ್ಬರ ಎಲ್ಲ ಲೆಕ್ಕ.

ಪದ್ಮ ಹೊರಗಿನಿಂದ ಬಾಗಿಲು ತಟ್ಟಿ, ಹೊಟ್ಟೆ ಸರಿಯಿಲ್ಲವೇ ಎಂದಳು.

ಸೆಪ್ಟೆಂಬರ್ 4, ಗುರುವಾರ

ಎಲ್ಲ ಹಾಳಾಯಿತು.

ಬೆಳಿಗ್ಗೆ ಪೇಪರಿನ ಎರಡನೇ ಪುಟದಲ್ಲಿ ಡಿಸಿ ಆದೇಶ. ಶನಿವಾರ ದೊಡ್ಡ ಗಣಪತಿಯ ಮೆರವಣಿಗೆ. ನಗರದಲ್ಲಿ ಬೆಳಗಿನಿಂದ ಮದ್ಯದಂಗಡಿ, ಬಾರು ಎಲ್ಲ ಬಂದ್. ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದೇನೆ. ಪ್ರತಿ ವರ್ಷ ಗಣಪತಿ ಬಿಡುವ ದಿನ ಬಾರು ಮುಚ್ಚುತ್ತದೆ ಎಂಬುದು ನನಗೆ ನೆನಪೇ ಆಗಲಿಲ್ಲ. ಕುಡಿಯದವನಿಗೆ ಅದರ ಗರಜೇನಿತ್ತು? ಆದರೆ ಮಂಜಪ್ಪ?

ಓಡಿಹೋಗಿ ಕೇಳಿದರೆ ಅವನು ತಲೆ ಚಚ್ಚಿಕೊಂಡ. ಅವನು ವರ್ಷವೂ ಹಿಂದಿನ ದಿನವೇ ಬಾಟಲಿ ತಂದಿಟ್ಟುಕೊಳ್ಳುತ್ತಾನಂತೆ, ಟೀವಿಯ ಮಾತು ತಲೆಗೆ ಬರಲಿಲ್ಲವಂತೆ. ನನಗೆ ಅಳು ಬಂದ ಹಾಗಾಯಿತು. ಹಾಗೆಲ್ಲ ಆಗುವವನಲ್ಲ ನಾನು. ಮಂಜಪ್ಪನಿಗೆ ಆಗ ನಿಜ ಹೇಳಿದೆ, ಮಗಳ ಕೆಲಸ ನೋಡಬೇಕಿತ್ತು ಎಂದು.

"ಅದನ್ನ ಮೊದಲೇ ಹೇಳಬಾರದಾ ಮಾರಾಯ" ಎಂದ. "ಭದ್ರಾವತೀಲಿ ಗಣಪತಿ ಬಿಡೋದು ಬೇರೆ ದಿನ. ಅಲ್ಲಿ ಓಪನ್ ಇರುತ್ತೆ. ನಡಿ, ಬಸ್ಸಿಂದು ನನಗೆ ಬಿಡು."

ಸೆಪ್ಟೆಂಬರ್ 5, ಶುಕ್ರವಾರ

ಭದ್ರಾವತಿಯಲ್ಲಿ ಹಳೇ ಸಹೋದ್ಯೋಗಿಯ ಮಗನ ನಿಶ್ಚಿತಾರ್ಥ, ನಾಳೆ ಸಂಜೆ ಹೋಗಬೇಕು ಎಂದು ಪದ್ಮಳಿಗೆ ಹೇಳಿದೆ. ಹೆಸರು ಕೇಳಿದರೆ ಹೇಳಲು ಶಿವಪ್ರಸಾದ್ ಎಂದು ಒಂದು ಹೆಸರು ಕಲ್ಪಿಸಿಟ್ಟುಕೊಂಡಿದ್ದೆ. ಅವಳು ಹೆಸರು ಕೇಳಲಿಲ್ಲ.

"ಹಂಗಾದ್ರೆ ನಾನೂ ಬರ್ತೀನಿ ರೀ" ಎಂದಳು. "ಸುವರ್ಣನ್ನ ನೋಡಿ ಆರು ತಿಂಗಳಾಯ್ತು. ಮೆರವಣಿಗೆ ದಿನ ಇಲ್ಲಿದ್ದು ನಾನೇನ್ ಮಾಡ್ಲಿ."

ಸುವರ್ಣಮ್ಮ ಅವಳ ತಂಗಿ, ಮನೆ ಓಲ್ಡ್ ಟೌನಿನಲ್ಲಿ. ಬೇಡ ಎನ್ನಲು ಒಂದು ಕಾರಣವೂ ಸಿಗಲಿಲ್ಲ. ನಾಳೆ ಏನೇನು ತಪ್ಪಬಹುದು ಎಂದು ಯೋಚಿಸುತ್ತಾ ಕೂತಿದ್ದೇನೆ. ಬಸ್ಸು ಮೆರವಣಿಗೆಯಲ್ಲಿ ಸಿಕ್ಕಿಕೊಳ್ಳಬಹುದು. ಸುವರ್ಣಮ್ಮ ಊಟ ಮಾಡಿಸದೆ ಬಿಡದಿರಬಹುದು. ಬಾರಿನಲ್ಲಿ ಆ ಚಾನೆಲ್ ಇಲ್ಲದಿರಬಹುದು, ಕರೆಂಟು ಹೋಗಬಹುದು. ಅವಳ ಹುಲ್ಲು ಒಂದೇ ರಾತ್ರಿಯಲ್ಲಿ ಹಳದಿಯಾಗಿಬಿಡಬಹುದು.

ಬಿಪಿ ಮಾತ್ರೆ ಎರಡು ಸಲ ನುಂಗಿದೆನೋ ಏನೋ.

ಸೆಪ್ಟೆಂಬರ್ 7, ಭಾನುವಾರ. ಭದ್ರಾವತಿ, ಓಲ್ಡ್ ಟೌನ್

ಸುವರ್ಣಮ್ಮನ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬೇಗ ಎಚ್ಚರವಾಯಿತು. ನಿನ್ನೆಯದನ್ನು ಒಂದೊಂದಾಗಿ ಬರೆದಿಡಬೇಕು.

ಪದ್ಮಳನ್ನು ಇಲ್ಲಿ ಬಿಟ್ಟು, ಕಾಫಿ ಕುಡಿದು, ನಿಶ್ಚಿತಾರ್ಥಕ್ಕೆ ಹೊತ್ತಾಯಿತು ಎಂದು ಎದ್ದೆ. ಮಂಜಪ್ಪ ರಸ್ತೆಯ ತಿರುವಿನಲ್ಲಿ ಕಾಯುತ್ತಿದ್ದ. ಬಸ್ ಸ್ಟ್ಯಾಂಡಿನ ಆಚೆಯ ಬಾರಿಗೆ ಕರೆದೊಯ್ದ. ಶಿವಮೊಗ್ಗದಲ್ಲಿ ಬಂದ್ ಆದ್ದರಿಂದ ಅಲ್ಲಿಯವರೂ ಅರ್ಧ ಇಲ್ಲಿಗೇ ಬಂದಿದ್ದರು. ಕೂರಲು ಜಾಗವಿರಲಿಲ್ಲ. ನನಗೆ ಗುರುತಿನ ಮೂರು ಮುಖ ಕಂಡವು, ಅವರಿಗೂ ನಾನು ಕಂಡೆ. ಟೀವಿಯಲ್ಲಿ ಕಬಡ್ಡಿ. ಒಂದೇ ಟೀವಿ.

ಕ್ಯಾಷಿನಲ್ಲಿ ಕೂತಿದ್ದವರು ಕರಿಯಣ್ಣ ಎಂಬ ದಪ್ಪ ಮನುಷ್ಯ. ಮಂಜಪ್ಪನ ರೂಟಿನಲ್ಲಿ ವರ್ಷಗಟ್ಟಲೆ ಪ್ರಯಾಣ ಮಾಡಿದವರಂತೆ. ಮಂಜಪ್ಪ ಅವರ ಕಿವಿಯಲ್ಲಿ ಏನೋ ಹೇಳಿದ. ನಮಗೆ ಎರಡು ಕುರ್ಚಿ ಬಂದವು, ನನಗೊಂದು ಸೋಡಾ. ಕಬಡ್ಡಿಯ ಮೊದಲರ್ಧ ಮುಗಿದ ಕೂಡಲೇ ಚಾನೆಲ್ ಬದಲಾಯಿತು. ಇಡೀ ಬಾರು ಗೊಣಗಿತು. ಯಾರೋ ತಮಿಳಿನಲ್ಲಿ ಬೈದರು, ನನಗೆ ಅರ್ಥವಾಗದಿದ್ದದ್ದು ಒಳ್ಳೆಯದಾಯಿತು.

ಟೀವಿಯ ತುಂಬ ಹಸಿರು. ಮಚ್ಚೆ ಎಲ್ಲಿದೆ ಎಂದು ಮೊದಲು ಅದನ್ನೇ ಹುಡುಕಿದೆ. ಕಾಣಲಿಲ್ಲ. ಆಟಗಾರರು ಬಂದರು, ಹೊಡೆದರು, ಹೋದರು. ಮೊದಲು ಗೊಣಗಿದವರೇ ಹತ್ತು ನಿಮಿಷದಲ್ಲಿ ಚೆಂಡು ಗುಳಿಗೆ ಬೀಳುತ್ತದೋ ಇಲ್ಲವೋ ಎಂದು ವಾದ ಶುರುಮಾಡಿದರು. ನಾನು ಚೆಂಡು ನೋಡಲಿಲ್ಲ. ಚೆಂಡು ಹಾದುಹೋಗುವ ನೆಲ ನೋಡಿದೆ. ಎಲ್ಲೂ ತಡೆಯದೆ ಹೋಗುತ್ತಿತ್ತು. ಸೋಡಾ ಮುಟ್ಟಲಿಲ್ಲ.

ಆಗ ಅಲ್ಲಿ ಮಳೆ ಬಂತು. ಸಣ್ಣ ಮಳೆಯಲ್ಲ, ನಮ್ಮ ಕಡೆಯ ಮಳೆಯೇ. ಆಟ ನಿಲ್ಲಿಸಿ ಎಲ್ಲರೂ ಕೊಡೆ ಬಿಚ್ಚಿಕೊಂಡು ಹೊರಟರು. ಖಾಲಿ ಹುಲ್ಲಿನ ಮೇಲೆ ನೀರು ಮಡುಗಟ್ಟುತ್ತಾ ಬಂತು. ಮಚ್ಚೆ ಬಂದಿದ್ದು ಇದೇ ನೀರಿಗೆ, ಇದು ನಿಂತರೆ ಅವಳ ಕಥೆ ಮುಗಿಯಿತು. ಹಿಂದಿನ ಮೇಜಿನವರು ಆಟ ನಿಂತಿದೆಯಲ್ಲ, ಕಬಡ್ಡಿ ಹಾಕಿ ಎಂದರು. ನಾಲ್ಕೂ ಕಡೆಯಿಂದ ಅದೇ ಕೂಗು. ಕರಿಯಣ್ಣ ರಿಮೋಟ್ ಎತ್ತಿಕೊಂಡರು. ಅದೂ ನ್ಯಾಯವೇ.

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಎಲ್ಲರೂ ತಿರುಗಿದರು.

"ಚಾನೆಲ್ ಬದಲಾಯಿಸಬೇಡಿ" ಎಂದೆ. "ನನ್ನ ಮಗಳು ಬರ್ತಾಳೆ ಈಗ."

ಆ ಗುರುತಿನ ಮೂವರೂ ನನ್ನನ್ನೇ ನೋಡುತ್ತಿದ್ದರು. ಕರಿಯಣ್ಣ ರಿಮೋಟನ್ನು ಕ್ಯಾಷ್ ಡ್ರಾಯರಿನೊಳಗೆ ಹಾಕಿ ಮುಚ್ಚಿದರು. ಎಲ್ಲರೂ ಸೇರಿ ಹುಲ್ಲಿನ ಮೇಲೆ ಮಳೆ ಬೀಳುವುದನ್ನು ನೋಡುತ್ತಾ ಕೂತೆವು.

ಮಳೆ ಸ್ವಲ್ಪ ತಗ್ಗಿದಾಗ ಮೈದಾನದ ಕೆಲಸದವರು ಬಂದರು. ಏಳೆಂಟು ಜನ, ಎಲ್ಲರಿಗೂ ಒಂದೇ ಬಣ್ಣದ ರೇನ್‌ಕೋಟು, ತಲೆಗೆ ಟೊಪ್ಪಿ. ಕ್ಯಾಮೆರಾ ದೂರದಲ್ಲಿತ್ತು, ಒಂದು ಮುಖವೂ ಕಾಣುತ್ತಿರಲಿಲ್ಲ. ಕೈಯಲ್ಲಿ ಉದ್ದ ಹಿಡಿ, ತುದಿಗೆ ಅಡ್ಡ ಹಲಗೆ, ಅದಕ್ಕೆ ರಬ್ಬರು. ಸಾಲಾಗಿ ನಿಂತು ನೀರು ತಳ್ಳತೊಡಗಿದರು.

ಪಕ್ಕದ ಮೇಜಿನಲ್ಲಿ ಕಾರ್ಖಾನೆಯ ಸಮವಸ್ತ್ರದಲ್ಲಿದ್ದ ಒಬ್ಬರು ನನ್ನ ಕಡೆ ಬಾಗಿದರು. "ನಿಮ್ಮ ಮಗಳು ಯಾರು ಸಾರ್? ಎಲ್ಲಾ ಒಂದೇ ತರ ಕಾಣ್ತಾರೆ."

"ಹಿಂದಕ್ಕೆ ನಡೀತಿದಾಳಲ್ಲ, ಅವಳು" ಎಂದೆ.

ಎಲ್ಲರೂ ಮುಂದಕ್ಕೆ ತಳ್ಳುತ್ತಿದ್ದರು. ಒಬ್ಬಳು ಮಾತ್ರ ಸಾಲಿಗೆ ಎದುರಾಗಿ, ಸೊಂಟ ಸ್ವಲ್ಪ ಬಗ್ಗಿಸಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಮೂರು ಹೆಜ್ಜೆಗೊಮ್ಮೆ ತಲೆ ತಿರುಗಿಸಿ ಹಿಂದೆ ನೋಡುವುದು, ಗೋಡೆ ಬಂತೇ ಎಂದು. ಅಲ್ಲಿ ಯಾವ ಗೋಡೆಯೂ ಇರಲಿಲ್ಲ. ನಮ್ಮ ತಾರಸಿಯಲ್ಲಿದೆ ಗೋಡೆ. ಅವಳ ಹಾದಿಯಲ್ಲಿ ಹುಲ್ಲು ಒರೆಸಿಟ್ಟ ಹಾಗೆ ಬಯಲಾಯಿತು, ಪಕ್ಕದವರದ್ದು ಇನ್ನೂ ನೀರಿಗೆ ಹೊಳೆಯುತ್ತಿತ್ತು.

ಏನು ಕೆಲಸ ಅವರದ್ದು ಎಂದು ಅದೇ ಮನುಷ್ಯ ಕೇಳಿದರು. ಹುಲ್ಲು ಬೆಳೆಸುತ್ತಾಳೆ ಎಂದೆ. ಅಷ್ಟೂ ಅವಳದೇ ಎಂದೂ ಸೇರಿಸಿದೆ, ಅದು ಪೂರ್ತಿ ನಿಜವಲ್ಲ. ಮಂಜಪ್ಪ ನನ್ನ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ನಾನು ಕೂರಲಿಲ್ಲ. ಆಟ ಮತ್ತೆ ಶುರುವಾಯಿತು, ಮೊದಲ ಚೆಂಡು ಆ ಹುಲ್ಲಿನ ಮೇಲೆ ಉರುಳಿ ಗುಳಿಗೆ ಬಿತ್ತು. ಬಾರಿನಲ್ಲಿ ಚಪ್ಪಾಳೆ. ಆಟಗಾರನಿಗಲ್ಲ ಎಂದು ನನಗನ್ನಿಸಿತು.

ಓಲ್ಡ್ ಟೌನಿಗೆ ಬಂದಾಗ ಮೈಯೆಲ್ಲ ಬಾರಿನ ವಾಸನೆ. ನಿಶ್ಚಿತಾರ್ಥದಲ್ಲಿ ಊಟ ಚೆನ್ನಾಗಿತ್ತು ಎಂದು ಹೇಳಲು ತಯಾರಾಗಿದ್ದೆ. ಒಳಗೆ ಕಾಲಿಟ್ಟರೆ ಸುವರ್ಣಮ್ಮನ ಟೀವಿಯಲ್ಲಿ ಅದೇ ಹಸಿರು ಮೈದಾನ. ಅಕ್ಕ ತಂಗಿ ಇಬ್ಬರೂ ಚಾಪೆಯ ಮೇಲೆ ಕೂತಿದ್ದರು. ಪದ್ಮಳ ಕಣ್ಣು ಕೆಂಪಾಗಿತ್ತು. ನನ್ನ ಮನೆಯಲ್ಲಿ ನೋಡಕೂಡದು ಎಂದು ತಾನೇ ಅವಳೂ ಇಲ್ಲಿಗೆ ಬಂದದ್ದು. ಅವಳು ನನ್ನ ಅಂಗಿಯ ವಾಸನೆ ಹಿಡಿದಳು, ಮುಖ ನೋಡಿದಳು.

"ಇನ್ನೂ ಎಳೀತಾಳೆ, ಅಲ್ವಾ?" ಎಂದಳು.

ಹೌದು ಎಂದೆ. ಸ್ವಲ್ಪ ಹೊತ್ತಿಗೆ ದಿವ್ಯಾಳ ಫೋನು ಬಂತು. ಪದ್ಮ ಅದನ್ನು ಎತ್ತಿಕೊಳ್ಳದೆ ನನ್ನ ಕೈಗಿಟ್ಟು ಒಳಗೆ ಹೋದಳು. ಅಮ್ಮಾ, ನೀರೆಲ್ಲ ತೆಗೆದ್ವಿ ಎಂದು ಆ ಕಡೆಯಿಂದ ಒಂದೇ ಉಸಿರಿಗೆ ಹೇಳುತ್ತಿದ್ದಳು.

"ಎಲ್ಲರೂ ತಳ್ಳುವಾಗ ನೀನೊಬ್ಬಳು ಎಳೀತಿದ್ಯಲ್ಲ, ಯಾರೂ ಬೈಲಿಲ್ವಾ?" ಎಂದೆ.

ಲೈನ್ ಹೋಯಿತೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಮೊದಲು ಬೈದ್ರು ಅಪ್ಪಾಜಿ" ಎಂದಳು. "ಆಮೇಲೆ ನೋಡಿ ಸುಮ್ಮನಾದ್ರು."

"ನಮ್ಮ ತಾರಸಿ ನೀರು ಒಬ್ಬನ ಕೈಲಿ ಆಗ್ತಿಲ್ಲ. ದೀಪಾವಳಿಗೆ ಬಾ."

ಹೂಂ ಎಂದಳು. ಅಳುತ್ತಿದ್ದಳೋ, ಅಲ್ಲಿನ ಮಳೆಗೆ ನೆಗಡಿಯೋ.

ಸೆಪ್ಟೆಂಬರ್ 10, ಬುಧವಾರ

ಸಾವಿತ್ರಮ್ಮನಿಗೆ ಭದ್ರಾವತಿಯ ಬಾರಿನ ಸುದ್ದಿಯೂ ಮುಟ್ಟಿದೆ. ಲಿವರಿನ ಮಾತು ತೆಗೆದರು. ಹುಲ್ಲಿನ ಆಟ ನೋಡಲು ಹೋಗಿದ್ದೆ ಎಂದೆ. ನಂಬಲಿಲ್ಲ.

ಪದ್ಮ ತಿಂಗಳ ಹಿಂದೆಯೇ ಹೇಳಿಟ್ಟಿದ್ದ ಮೇಸ್ತ್ರಿ ಇವತ್ತು ಬಂದ. ತಾರಸಿ ಹತ್ತಿ ನೋಡಿ, ಇಳಿಜಾರು ಸರಿಮಾಡಿ ಸಿಮೆಂಟು ಹಾಕಿದರೆ ಇನ್ನು ಹನಿ ನೀರೂ ನಿಲ್ಲುವುದಿಲ್ಲ, ನಾಳೆಯೇ ಶುರುಮಾಡುತ್ತೇನೆ ಎಂದ. ಈಗ ಬೇಡ, ದೀಪಾವಳಿ ಕಳೆದ ಮೇಲೆ ಬಾ ಎಂದು ಕಳಿಸಿದೆ. ಅಷ್ಟು ಅವಸರವೇನಿದೆ?

ಮಧ್ಯಾಹ್ನ ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬು ತಂದೆ. ಮೊಳೆಯ ಮೇಲಿದ್ದ ಹಲಗೆಯನ್ನು ಇಳಿಸಿ, ಒಡೆದ ರಬ್ಬರು ಕಿತ್ತು, ಹೊಸ ಪಟ್ಟಿ ಹೊಡೆಯುತ್ತಿದ್ದೇನೆ. ಹಿಡಿ ಅವಳಿಗೆ ಗಿಡ್ಡವಾಗಿರಬೇಕು. ಟೀವಿಯಲ್ಲಿ ನೋಡಿದರೆ ಎತ್ತರವಾಗಿದ್ದಾಳೆ.